ಸಂಕಲ್ಪವೂ ಮಿದುಳೂ: ಇಚ್ಛಾಸ್ವಾತಂತ್ರ್ಯಕ್ಕೆ ವಿಜ್ಞಾನದಲ್ಲಿ ಎಡೆಯುಂಟೆ?

ವ್ರತವೆಂದರೆ ಬುದ್ಧಿಪೂರ್ವಕವಾಗಿ ಕೈಕೊಂಡ ನಿಯಮ. ಅನ್ನ ದೊರೆಯದೆ ಹಸಿದಿರುವವನು ಉಪವಾಸಿಯಲ್ಲ. ಜ್ವರದಿಂದ ನಾಲಗೆ ಕೆಟ್ಟು ಊಟ ಬಿಟ್ಟವನೂ ಉಪವಾಸಿಯಲ್ಲ. ಎದುರಿಗೆ ಅನ್ನವಿದ್ದು, ಉಣ್ಣುವ ಶಕ್ತಿಯಿದ್ದು, 'ಇಂದು ಉಣ್ಣೆನು' ಎಂದು ತಾನಾಗಿ ನಿಶ್ಚಯಿಸಿದವನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಮೂವರ ಹೊಟ್ಟೆಯೂ ಬರಿದೇ; ಭೇದವಿರುವುದು ಸಂಕಲ್ಪದಲ್ಲಿ. ಸಂಕಲ್ಪವನ್ನು ತೆಗೆದುಹಾಕಿದರೆ ವ್ರತದಲ್ಲಿ ಉಳಿಯುವುದು ಹಸಿವೊಂದೇ.

ಹೀಗಿರಲು, ಕಳೆದ ನಾಲ್ಕು ದಶಕಗಳಿಂದ ಶರೀರವಿಜ್ಞಾನದ ಕಡೆಯಿಂದ ಕೇಳಿಬರುತ್ತಿರುವ ಒಂದು ಮಾತು ವ್ರತಾಚರಣೆಯ ಬುಡವನ್ನೇ ಅಲುಗಿಸುವಂತಹುದು. ಮನುಷ್ಯನು 'ನಾನು ನಿಶ್ಚಯಿಸಿದೆನು' ಎಂದು ಅರಿಯುವುದಕ್ಕೆ ಮೊದಲೇ ಅವನ ಮಿದುಳು ಆ ಕಾರ್ಯವನ್ನು ಆರಂಭಿಸಿಬಿಟ್ಟಿರುತ್ತದೆ. ನಿಶ್ಚಯದ ಅರಿವೆಂಬುದು ಕಾರ್ಯ ಹೊರಟಮೇಲೆ ಬಂದು ಮುಟ್ಟುವ ಸುದ್ದಿ ಮಾತ್ರ ಎಂಬುದೇ ಆ ಮಾತು. ಕಾಲೇಜಿನಲ್ಲಿ ಓದುವ ತರುಣರು ಇದನ್ನು ಪುಸ್ತಕಗಳಲ್ಲಿ ಕಂಡು ಮನೆಯ ಹಿರಿಯರನ್ನು ಕೇಳುತ್ತಾರೆ. ನಿಶ್ಚಯಿಸುವುದು ನರತಂತುಗಳೇ ಆದರೆ ಅಷ್ಟಮಿಯ ಉಪವಾಸವನ್ನು ನಡೆಸಿದವಳಿಗೆ ಪ್ರಶಂಸೆಯೇಕೆ? ನಡುಹಗಲಿನಲ್ಲಿ ಅದನ್ನು ಮುರಿದವನಿಗೆ ಪ್ರಾಯಶ್ಚಿತ್ತವೇಕೆ? ಈ ಪ್ರಶ್ನೆಗೆ ಗದರಿಕೆ ಉತ್ತರವಲ್ಲ. ವಿಜ್ಞಾನವೆಲ್ಲ ಸುಳ್ಳೆಂದು ತಳ್ಳಿಹಾಕುವುದೂ ಉತ್ತರವಲ್ಲ. ಆ ಪ್ರಯೋಗಗಳಲ್ಲಿ ನಡೆದುದೇನು, ಅಳೆಯಲ್ಪಟ್ಟುದೇನು ಎಂಬುದನ್ನು ಸಾವಧಾನವಾಗಿ ನೋಡುವುದೇ ಸರಿಯಾದ ಮಾರ್ಗ.

ಪ್ರಶ್ನೆಯ ಹಳೆಯ ರೂಪ ಭೌತವಿಜ್ಞಾನದ್ದು. ಯಾವುದೋ ಒಂದು ಕ್ಷಣದಲ್ಲಿ ಜಗತ್ತಿನ ಸಕಲ ಕಣಗಳ ಸ್ಥಿತಿಯನ್ನೂ ಅವುಗಳ ಮೇಲೆ ವರ್ತಿಸುವ ಬಲಗಳನ್ನೂ ಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಭೂತವೂ ಭವಿಷ್ಯವೂ ಏಕರೀತಿಯಾಗಿ ಗೋಚರಿಸುವುವೆಂದು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ೧೮೧೪ರಲ್ಲಿ ಬರೆದನು. ಅಂತಹ ಜಗತ್ತಿನಲ್ಲಿ ನಾಳೆಯ ಉಪವಾಸವೂ ನಾಳೆಯ ಗ್ರಹಣದಂತೆ ಮೊದಲೇ ಲೆಕ್ಕವಾಗಿರುವ ಸಂಗತಿ. ೧೯೨೭ರಲ್ಲಿ ಜರ್ಮನಿಯ ಹೈಸೆನ್‌ಬರ್ಗ್ ಪ್ರತಿಪಾದಿಸಿದ ಅನಿಶ್ಚಯ ತತ್ತ್ವವು ಈ ಚಿತ್ರವನ್ನು ಕದಡಿತು. ಕಣದ ಸ್ಥಾನವನ್ನೂ ಸಂವೇಗವನ್ನೂ ಒಟ್ಟಿಗೆ ನಿಖರವಾಗಿ ತಿಳಿಯಲು ಬರುವುದಿಲ್ಲ. ಒಂದು ರೇಡಿಯಂ ಪರಮಾಣು ಯಾವ ಕ್ಷಣದಲ್ಲಿ ಸಿಡಿಯುವುದೆಂದು ಹೇಳಬಲ್ಲ ಸೂತ್ರವಿಲ್ಲ. ೧೯೬೪ರಲ್ಲಿ ಜಾನ್ ಬೆಲ್ ರಚಿಸಿದ ಪ್ರಮೇಯವನ್ನು ಆಧರಿಸಿ ಕ್ಲಾಸರ್, ಆಸ್ಪೆ, ಜೈಲಿಂಗರ್ ಎಂಬವರು ನಡೆಸಿದ ಪ್ರಯೋಗಗಳಿಗೆ ೨೦೨೨ರ ನೊಬೆಲ್ ಪಾರಿತೋಷಕ ಸಂದಿತು. ಕಣಗಳು ತಮ್ಮ ಸಮೀಪದಲ್ಲಿಯೇ ಬಚ್ಚಿಟ್ಟುಕೊಂಡಿರುವ ಗುಪ್ತ ಕಾರಣಗಳಿಂದ ಈ ಅನಿಶ್ಚಯವನ್ನು ವಿವರಿಸುವ ಸುಲಭದ ಹಾದಿ ಮುಚ್ಚಿತು.

ಆದರೆ ಇದರಿಂದ ಸಂಕಲ್ಪಕ್ಕೆ ಒದಗಿದ ಲಾಭ ಅತ್ಯಲ್ಪ. ಕೆಲವು ಉತ್ಸಾಹಿಗಳು ಪರಮಾಣುವಿನ ಅನಿಶ್ಚಯದಲ್ಲಿ ಮಾನವನ ಸ್ವಾತಂತ್ರ್ಯವನ್ನು ಕಂಡು ಸಂತೋಷಪಟ್ಟರು. ಆ ಸಂತೋಷ ಅವಿಚಾರಿತವಾದುದು. ಪಗಡೆಯ ದಾಳ ಹೇಗೆ ಬಿದ್ದರೆ ಹಾಗೆ ಉಣ್ಣುವವನು ಅಥವಾ ಉಣ್ಣದಿರುವವನು ವ್ರತಿಯಾಗಲಾರನು. ಹೊರಗಿನ ದಾಳದ ಬದಲು ಮಿದುಳಿನೊಳಗಿನ ದಾಳ ಬಿದ್ದರೂ ಅವನ ಸ್ಥಿತಿ ಅದೇ. ಆಕಸ್ಮಿಕವೂ ಸ್ವಾತಂತ್ರ್ಯವೂ ಒಂದೇ ಅಲ್ಲ. ಈ ಪ್ರಸಂಗದಲ್ಲಿ ಒಂದು ವಿನೋದವುಂಟು. ಬೆಲ್‌ನ ಪ್ರಮೇಯವನ್ನು ಪರೀಕ್ಷಿಸಲು ಉಪಕರಣವನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂಬ ಆಯ್ಕೆಯು ಕಣಗಳಿಗೆ ಅಧೀನವಾಗಿರದೆ ಸ್ವತಂತ್ರವಾಗಿರಬೇಕು. ಅದಕ್ಕಾಗಿ ೨೦೧೬ರ ನವೆಂಬರ್ ೩೦ರಂದು ಲೋಕದ ನಾನಾ ಭಾಗಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಜನರಿಂದ ಮನಬಂದಂತೆ ಸೊನ್ನೆ ಒಂದುಗಳನ್ನು ಆರಿಸಿಸಿ ಪ್ರಯೋಗಶಾಲೆಗಳಿಗೆ ಉಣಿಸಲಾಯಿತು. ಭೌತವಿಜ್ಞಾನವು ತನ್ನ ಅತಿ ಸೂಕ್ಷ್ಮವಾದ ಪರೀಕ್ಷೆಗೆ ಜನರ ಆಯ್ಕೆಯನ್ನು ಸಾಲ ಪಡೆದಂತಾಯಿತು! ಇದು ಪ್ರಮಾಣವಲ್ಲ, ಆದರೂ ಗಮನಿಸತಕ್ಕ ಸಂಗತಿ.

ನಿಜವಾದ ಆಕ್ಷೇಪ ಬಂದುದು ಮಿದುಳಿನ ಅಧ್ಯಯನದಿಂದ. ಅದರ ಆರಂಭ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ. ಅಲ್ಲಿ ಹಾನ್ಸ್ ಕೊರ್ನ್‌ಹೂಬರ್ ಮತ್ತು ಅವರ ಶಿಷ್ಯ ಲೂಡರ್ ಡೀಕೆ ಎಂಬವರು ಮನುಷ್ಯನು ತಾನಾಗಿ ಬೆರಳಾಡಿಸುವುದಕ್ಕೆ ಮುಂಚೆ ಮಿದುಳಿನಲ್ಲಿ ಏನಾಗುವುದೆಂದು ತಿಳಿಯಬಯಸಿದರು. ನೆತ್ತಿಯ ಮೇಲೆ ದೊರೆಯುವ ವಿದ್ಯುತ್ ಸಂಕೇತ ಅತಿ ಕ್ಷೀಣವಾದುದು. ಒಂದೇ ಸಲದ ಚಲನೆಯಲ್ಲಿ ಅದು ಇತರ ಗದ್ದಲದೊಳಗೆ ಮುಳುಗಿಹೋಗುತ್ತದೆ. ಅವರು ಸಂಕೇತವನ್ನು ಕಾಂತಸುರುಳಿಯಲ್ಲಿ ಮುದ್ರಿಸಿ, ಸುರುಳಿಯನ್ನು ಹಿಂದುಮುಂದಾಗಿ ಓಡಿಸಿ, ಬೆರಳಾಡಿದ ಕ್ಷಣದಿಂದ ಹಿಂದಕ್ಕೆ ನೂರಾರು ಸಲದ ಸರಾಸರಿಯನ್ನು ತೆಗೆದರು. ಚಲನೆಗೆ ಸುಮಾರು ಒಂದು ಸೆಕೆಂಡಿಗೂ ಮುಂಚಿನಿಂದ ನಿಧಾನವಾಗಿ ಏರುತ್ತ ಬರುವ ಒಂದು ವಿಭವ ಅಲ್ಲಿ ಕಾಣಿಸಿತು. ೧೯೬೫ರಲ್ಲಿ ಪ್ರಕಟವಾದ ಆ ಸಂಶೋಧನೆಯಲ್ಲಿ ಅದಕ್ಕೆ 'ಸಿದ್ಧತೆಯ ವಿಭವ' ಎಂಬರ್ಥದ ಜರ್ಮನ್ ಹೆಸರನ್ನು ಇಟ್ಟರು.

ಅಮೆರಿಕದ ಸಾನ್‌ಫ್ರಾನ್ಸಿಸ್ಕೋದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಲಿಬೆಟ್ (೧೯೧೬-೨೦೦೭) ಇಲ್ಲಿಂದ ಮುಂದಿನ ಪ್ರಶ್ನೆಯನ್ನು ಎತ್ತಿಕೊಂಡರು. ಸಿದ್ಧತೆ ಮೊದಲೋ, ಇಚ್ಛೆಯ ಅರಿವು ಮೊದಲೋ? ಅವರ ಪ್ರಯೋಗ ನೋಡಲು ಸರಳ. ಕುಳಿತವನ ಎದುರಿಗೆ ಒಂದು ಪರದೆ. ಅದರ ಮೇಲೆ ಗಡಿಯಾರದ ಮುಳ್ಳಿನಂತೆ ಸುತ್ತುವ ಒಂದು ಬೆಳಕಿನ ಚುಕ್ಕೆ. ೨.೫೬ ಸೆಕೆಂಡಿಗೆ ಒಂದು ಸುತ್ತು. ಮನಸ್ಸಿಗೆ ಬಂದಾಗ ಮಣಿಕಟ್ಟನ್ನು ಅಥವಾ ಬೆರಳನ್ನು ಮಡಿಸಬೇಕು. ಮಡಿಸಬೇಕೆಂಬ ಇಚ್ಛೆ ಮೊತ್ತಮೊದಲು ಅರಿವಿಗೆ ಬಂದಾಗ ಚುಕ್ಕೆ ಎಲ್ಲಿತ್ತೆಂದು ಆಮೇಲೆ ಹೇಳಬೇಕು. ನೆತ್ತಿಯ ವಿಭವವನ್ನೂ ತೋಳಿನ ಸ್ನಾಯುವಿನ ಚಟುವಟಿಕೆಯನ್ನೂ ಯಂತ್ರಗಳು ದಾಖಲಿಸುತ್ತವೆ. ನಲವತ್ತು ಸಲಕ್ಕೆ ಒಂದು ಸರಾಸರಿ.

೧೯೮೩ರಲ್ಲಿ ಪ್ರಕಟವಾದ ಫಲಿತಾಂಶ ವಿದ್ವಲ್ಲೋಕವನ್ನು ಬೆಚ್ಚಿಸಿತು. ಮುಂಚಿತವಾಗಿ ಯೋಜಿಸದೆ ಥಟ್ಟನೆ ಮಾಡಿದ ಚಲನೆಗಳಲ್ಲಿ ಸಿದ್ಧತೆಯ ವಿಭವವು ಸ್ನಾಯು ಮಿಡುಕುವುದಕ್ಕೆ ಸುಮಾರು ೫೫೦ ಮಿಲಿಸೆಕೆಂಡ್ ಮೊದಲೇ ಆರಂಭವಾಗಿತ್ತು. ಇಚ್ಛೆಯ ಅರಿವು ಬಂದುದು ಸುಮಾರು ೨೦೦ ಮಿಲಿಸೆಕೆಂಡ್ ಮೊದಲು. ಎಂದರೆ ಮಿದುಳು ಹೊರಟು ಸೆಕೆಂಡಿನ ಮೂರರಲ್ಲೊಂದು ಭಾಗ ಕಳೆದ ಮೇಲೆ ಮನುಷ್ಯನಿಗೆ 'ಮಾಡಬೇಕು' ಎನ್ನಿಸಿದೆ. ಒಡೆಯನು ಅಪ್ಪಣೆ ಕೊಡುವ ಮೊದಲೇ ಆಳು ಕೆಲಸಕ್ಕೆ ಹೊರಟಿದ್ದಾನೆ. ಒಡೆಯನಾದರೋ ತನ್ನ ಅಪ್ಪಣೆಯಿಂದಲೇ ಹೊರಟನೆಂದು ಭ್ರಮಿಸಿದ್ದಾನೆ ಎಂದು ಹಲವರು ಅರ್ಥಮಾಡಿದರು.

ಲಿಬೆಟ್ ಸ್ವತಃ ಅಷ್ಟು ದೂರ ಹೋಗಲಿಲ್ಲವೆಂಬುದನ್ನು ಈ ಮಾತನ್ನು ಹರಡಿದವರು ಬಹಳಮಟ್ಟಿಗೆ ಮುಚ್ಚಿಟ್ಟರು. ಅರಿವು ಬಂದ ಮೇಲೆಯೂ ಚಲನೆಗೆ ಮುಂಚೆ ಸ್ವಲ್ಪ ಕಾಲ ಉಳಿದಿದೆಯಷ್ಟೆ? ಆ ಅಲ್ಪಾವಧಿಯಲ್ಲಿ ಹೊರಟ ಪ್ರಚೋದನೆಯನ್ನು ತಡೆಯಲು ಪ್ರಜ್ಞೆಗೆ ಸಾಧ್ಯವೆಂದು ೧೯೮೫ರ ತಮ್ಮ ಪ್ರಬಂಧದಲ್ಲಿ ಅವರು ವಾದಿಸಿದರು. ಪ್ರಚೋದನೆಗಳು ಮನುಷ್ಯನ ಅಪ್ಪಣೆ ಇಲ್ಲದೆ ಏಳುತ್ತವೆ. ಅವುಗಳಿಗೆ ಬಾಗಿಲು ತೆರೆಯುವುದೂ ಮುಚ್ಚುವುದೂ ಅವನ ಕೈಯಲ್ಲಿದೆ. ಧರ್ಮಗಳ ವಿಧಿಗಳಲ್ಲಿ ಬಹುಪಾಲು 'ಮಾಡಬೇಡ' ಎಂಬ ರೂಪದಲ್ಲಿರುವುದು ಇದಕ್ಕೆ ಹೊಂದುವುದೆಂದೂ ಅವರು ಮುಂದೆ ಸೂಚಿಸಿದರು. ತ್ಯಾಗವನ್ನೇ ವ್ರತದ ಲಕ್ಷಣವೆಂದು ತಿಳಿದ ವಾಚಕರಿಗೆ ಈ ಮಾತು ಪ್ರಿಯವೆನಿಸುವುದು ಸಹಜ. ಆದರೆ ಪ್ರಿಯವೆಂಬ ಕಾರಣದಿಂದ ಅದನ್ನು ಒಪ್ಪಲಾಗದು. ಆ ತಡೆಗೂ ಮುಂಚೆ ಮಿದುಳಿನಲ್ಲಿ ಸಿದ್ಧತೆ ನಡೆದಿರಲಾರದೆ ಎಂಬ ಪ್ರತಿಪ್ರಶ್ನೆಗೆ ಲಿಬೆಟ್ ಕೊಟ್ಟ ಉತ್ತರ ದುರ್ಬಲವಾದುದು.

೨೦೦೮ರಲ್ಲಿ ಜಾನ್-ಡೈಲನ್ ಹೇನ್ಸ್ ಮತ್ತು ಅವರ ಸಹೋದ್ಯೋಗಿಗಳು ಜರ್ಮನಿಯಲ್ಲಿ ನಡೆಸಿದ ಪ್ರಯೋಗ ಇನ್ನೂ ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. ಎಡಗೈಯ ಗುಂಡಿಯನ್ನು ಒತ್ತುವನೋ ಬಲಗೈಯದನ್ನೋ ಎಂಬುದರ ಸುಳಿವು ಮಿದುಳಿನ ರಕ್ತಸಂಚಾರದ ಚಿತ್ರಗಳಲ್ಲಿ ಏಳು ಸೆಕೆಂಡಿಗೂ ಹೆಚ್ಚು ಮೊದಲೇ ದೊರೆಯಿತು. ಪತ್ರಿಕೆಗಳು ಏಳು ಸೆಕೆಂಡೆಂಬುದನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿದವು. ಆ ಮುನ್ಸೂಚನೆ ಸರಿಬಂದುದು ನೂರಕ್ಕೆ ಸುಮಾರು ಅರವತ್ತು ಸಲ ಮಾತ್ರ ಎಂಬುದನ್ನು ಸಣ್ಣಕ್ಷರಗಳಲ್ಲಿ. ಕಣ್ಣುಮುಚ್ಚಿ ಹೇಳಿದರೂ ಐವತ್ತು ಸಲ ಸರಿಬರುತ್ತದೆ. ಇದರಿಂದ ಸಿದ್ಧವಾಗುವುದು ಒಲವು, ವಿಧಿಯಲ್ಲ.

ಆಮೇಲಿನ ವರ್ಷಗಳಲ್ಲಿ ಲಿಬೆಟ್ಟರ ಅಳತೆಯ ಒಂದೊಂದು ಅಂಗವೂ ಪರೀಕ್ಷೆಗೆ ಒಳಗಾಯಿತು. ಇಚ್ಛೆ ಅರಿವಿಗೆ ಬಂದ ಕ್ಷಣವನ್ನು ಕುಳಿತವನೇ ಹೇಳಬೇಕಷ್ಟೆ. ಆ ಹೇಳಿಕೆ ಎಷ್ಟು ನಂಬತಕ್ಕದ್ದು? ಗುಂಡಿ ಒತ್ತಿದ ಮೇಲೆ ಒಂದು ಸದ್ದನ್ನು ತುಸು ತಡವಾಗಿ ಕೇಳಿಸಿದರೆ ಜನರು ತಮ್ಮ ನಿಶ್ಚಯದ ಕ್ಷಣವನ್ನೂ ತಡವಾಗಿಯೇ ಹೇಳುತ್ತಾರೆಂದು ಬ್ಯಾಂಕ್ಸ್ ಮತ್ತು ಇಷಾಮ್ ಎಂಬವರು ೨೦೦೯ರಲ್ಲಿ ತೋರಿಸಿದರು. ನಡೆದುಹೋದ ಕಾರ್ಯದಿಂದ ಹಿಂದಕ್ಕೆ ಊಹಿಸಿ ಹೇಳುವ ಕಾಲವನ್ನು ಗಡಿಯಾರದ ಕಾಲದೊಡನೆ ತೂಗುವುದು ಸಾಹಸವೇ ಸರಿ.

ಇದಕ್ಕಿಂತ ಮುಖ್ಯವಾದುದು ೨೦೧೨ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು ಎತ್ತಿದ ಪ್ರಶ್ನೆ. ಸಿದ್ಧತೆಯ ವಿಭವವು ನಿಜವಾಗಿಯೂ ಸಿದ್ಧತೆಯೇ? ತುಂಬಿ ಅಂಚಿಗೆ ಬಂದು ನಿಂತಿರುವ ಒಂದು ಕೆರೆಯನ್ನು ಭಾವಿಸಬಹುದು. ಗಾಳಿಗೆ ಅಲೆಗಳು ಏಳುತ್ತ ಬೀಳುತ್ತ ಇರುತ್ತವೆ. ಯಾವುದೋ ಒಂದು ಅಲೆ ಮಿಕ್ಕವುಗಳಿಗಿಂತ ಎತ್ತರಕ್ಕೆ ಎದ್ದಾಗ ಕೋಡಿಯ ಮೇಲೆ ನೀರು ಹರಿಯುತ್ತದೆ. ನೀರು ಹರಿದ ಪ್ರತಿಯೊಂದು ಸಲವನ್ನೂ ಆರಿಸಿಕೊಂಡು, ಅದಕ್ಕೆ ಮುಂಚಿನ ನೀರಿನ ಮಟ್ಟದ ಸರಾಸರಿಯನ್ನು ತೆಗೆದರೆ, ಮಟ್ಟ ಕ್ರಮವಾಗಿ ಏರುತ್ತ ಬಂದಂತೆಯೇ ತೋರುವುದು. ಕೆರೆಯು ಕೋಡಿಹರಿಯಲು ಮೊದಲೇ 'ನಿಶ್ಚಯಿಸಿ' ಸಿದ್ಧವಾಗುತ್ತಿತ್ತೆಂದು ಇದರಿಂದ ಹೇಳುವುದು ಹಾಸ್ಯಾಸ್ಪದ. ಏರಿದ ಅಲೆಗಳನ್ನು ಮಾತ್ರ ಎಣಿಸಿದುದರಿಂದ ಏರಿಕೆ ಕಂಡಿತು. ಮಿದುಳಿನಲ್ಲಿಯೂ ಹಾಗೆ ಸದಾ ಏರಿಳಿತಗಳು ನಡೆಯುತ್ತಿರುತ್ತವೆ. ಯಾವಾಗ ಬೇಕಾದರೂ ಬೆರಳಾಡಿಸಬಹುದು, ಯಾವ ಕಾರಣವೂ ಬೇಕಿಲ್ಲ ಎಂಬ ಸ್ಥಿತಿಯಲ್ಲಿ ಆ ಏರಿಳಿತವೇ 'ಈಗ' ಎಂಬುದನ್ನು ತೀರ್ಮಾನಿಸುತ್ತದೆ ಎಂದು ಅವರು ಗಣಿತದ ಮಾದರಿಯಿಂದ ತೋರಿಸಿದರು. ಈ ವಿವರಣೆಗೂ ಎದುರಾಳಿಗಳಿದ್ದಾರೆ. ಆದರೆ ಲಿಬೆಟ್ಟರ ರೇಖೆಯನ್ನು ತೋರಿಸಿ 'ಮಿದುಳು ಮೊದಲೇ ನಿಶ್ಚಯಿಸಿತ್ತು' ಎನ್ನುವ ನಿಸ್ಸಂದೇಹದ ಕಾಲ ಮುಗಿದುಹೋಯಿತು.

ಕಾರಣವೇ ಇಲ್ಲದ ಆಯ್ಕೆಗೂ ಕಾರಣಗಳನ್ನು ತೂಗಿ ಮಾಡುವ ಆಯ್ಕೆಗೂ ಇರುವ ಅಂತರವನ್ನು ೨೦೧೯ರಲ್ಲಿ ಯೂರಿ ಮಾವೋಜ್ ಮತ್ತು ಸಹೋದ್ಯೋಗಿಗಳು ನೇರವಾಗಿ ಪರೀಕ್ಷಿಸಿದರು. ಎರಡು ಸೇವಾಸಂಸ್ಥೆಗಳ ಹೆಸರುಗಳು ಎದುರಿಗೆ ಬರುತ್ತವೆ. ಕೆಲವು ಸಲ, ಆರಿಸಿದ ಸಂಸ್ಥೆಗೆ ಸಾವಿರ ಡಾಲರುಗಳ ದಾನ ದೊರೆಯುವ ಸಂಭವವಿದೆ. ಇನ್ನು ಕೆಲವು ಸಲ, ಯಾವ ಗುಂಡಿಯನ್ನು ಒತ್ತಿದರೂ ಎರಡಕ್ಕೂ ಸಮಪಾಲು. ಕೈಯ ಚಲನೆ ಎರಡರಲ್ಲಿಯೂ ಅದೇ. ಫಲವಿಲ್ಲದ ಆಯ್ಕೆಯಲ್ಲಿ ಸಿದ್ಧತೆಯ ವಿಭವ ಎಂದಿನಂತೆ ಕಾಣಿಸಿತು. ದಾನದ ಗುರಿಯನ್ನು ನಿರ್ಧರಿಸುವ ಆಯ್ಕೆಯಲ್ಲಿ ಅದು ಕಾಣಿಸಲೇ ಇಲ್ಲವೆನ್ನಬಹುದು. ಈ ಒಂದು ಪ್ರಯೋಗದಿಂದಲೇ ಎಲ್ಲವೂ ಇತ್ಯರ್ಥವಾಯಿತೆಂದಲ್ಲ. ಆದರೂ ಇಪ್ಪತ್ತೈದು ವರ್ಷಗಳಿಗೂ ಹೆಚ್ಚುಕಾಲ ವಿದ್ವಾಂಸರು ಯಾವುದನ್ನು ಸಂಕಲ್ಪದ ಮರಣಪತ್ರವೆಂದು ಓದುತ್ತಿದ್ದರೋ ಅದು ನಿಷ್ಕಾರಣವಾಗಿ ಬೆರಳು ಮಡಿಸುವ ಆಟಕ್ಕೆ ಮಾತ್ರ ಸಂಬಂಧಿಸಿದ್ದಿರಬಹುದೆಂಬ ಶಂಕೆ ಬಲವಾಯಿತು.

ವಾಸ್ತವವಾಗಿ ಲಿಬೆಟ್ಟರ ಕೋಣೆಯಲ್ಲಿ ಸಂಕಲ್ಪವೊಂದು ನಡೆದೇ ಇತ್ತು. ಆದರೆ ಅದನ್ನು ಯಾರೂ ಅಳೆಯಲಿಲ್ಲ. ಪ್ರಯೋಗಕ್ಕೆ ಬರುತ್ತೇನೆಂದು ಒಪ್ಪಿ, ಮನೆಯಿಂದ ಹೊರಟು, ಸೂಚನೆಗಳನ್ನು ಕೇಳಿ, 'ಮನಸ್ಸು ಬಂದಾಗ ಬೆರಳು ಮಡಿಸುವೆನು, ಮುಂಚಿತವಾಗಿ ಯೋಜಿಸೆನು' ಎಂದು ಒಡಂಬಟ್ಟು ಕುಳಿತುದೇ ಆ ಸಂಕಲ್ಪ. ಮುಂದೆ ಬೆರಳು ನಲವತ್ತು ಸಲ ಯಾವಾವ ಕ್ಷಣದಲ್ಲಿ ಮಡಿಸಿತೆಂಬುದು ಆ ಸಂಕಲ್ಪದೊಳಗಿನ ಕ್ಷುಲ್ಲಕ ವಿವರ. ಗಾಡಿಯನ್ನು ಇಂಥ ಊರಿಗೆ ಹೊಡೆಯಬೇಕೆಂದು ಹೊರಟವನ ನಿಶ್ಚಯವನ್ನು ಎತ್ತಿನ ಯಾವ ಗೊರಸು ಯಾವಾಗ ನೆಲ ಮುಟ್ಟಿತೆಂಬುದರಲ್ಲಿ ಹುಡುಕಿದರೆ ದೊರೆಯುವುದೆಂತು?

ವ್ರತವು ಈ ಮೊದಲನೆಯ ಜಾತಿಗೆ ಸೇರಿದುದು. ಅದು ಕ್ಷಣದ ಪ್ರಚೋದನೆಯಲ್ಲ. ಇಂದು ಸಂಜೆ ಕೈಕೊಂಡು ನಾಳೆಯ ದಿನವನ್ನು ಕಟ್ಟುವ ಪ್ರತಿಜ್ಞೆ. ಅದನ್ನು ಕೈಕೊಳ್ಳುವಾಗ ಹಸಿವಿಲ್ಲ, ಪರಿಮಳವಿಲ್ಲ, ಎಲೆಯ ಮುಂದೆ ಕರೆಯುವವರಿಲ್ಲ. ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ ಮಾಡಿದ ನಿಶ್ಚಯವು ಮನಸ್ಸು ಕದಡುವ ಹೊತ್ತಿಗೆ ನಿಯಮವಾಗಿ ನಿಲ್ಲುತ್ತದೆ. ಈ ಬಗೆಯ ಮುನ್‌ನಿಶ್ಚಯಕ್ಕೆ ಎಷ್ಟು ಬಲವಿದೆಯೆಂಬುದನ್ನು ಮನಶ್ಶಾಸ್ತ್ರಜ್ಞರು ಅಳೆದಿದ್ದಾರೆ. 'ಇಂಥದನ್ನು ಸಾಧಿಸಬೇಕು' ಎಂಬ ಸಾಮಾನ್ಯ ಹಂಬಲಕ್ಕಿಂತ 'ಇಂಥ ಸಂದರ್ಭ ಬಂದಾಗ ಇಂಥದನ್ನೇ ಮಾಡುವೆನು' ಎಂದು ಕಾಲ ದೇಶಗಳೊಡನೆ ಬಿಗಿದುಕೊಂಡ ನಿಶ್ಚಯವು ಬಹುಪಾಲು ಹೆಚ್ಚು ಫಲಕಾರಿಯೆಂದು ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ತೋರಿಸಿದರು. ೨೦೦೬ರಲ್ಲಿ ಅವರೂ ಶೀರನ್ ಎಂಬವರೂ ೯೪ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಪ್ರಭಾವ ಮಧ್ಯಮಕ್ಕಿಂತ ತುಸು ಹೆಚ್ಚಿನದೆಂದು ಕಂಡುಬಂತು. ಆಡಿದ ಪ್ರತಿಜ್ಞೆಯೇ ಮರುದಿನದ ವರ್ತನೆಗೆ ಒಂದು ಕಾರಣವಾಗಿ ನಿಲ್ಲುತ್ತದೆಯೆಂಬುದು ಇದರ ಅರ್ಥ. ಸಂಕಲ್ಪವು ಬರಿಯ ನೊರೆಯಾಗಿದ್ದರೆ, ಅದನ್ನು ಮಾಡಿದವರಿಗೂ ಮಾಡದವರಿಗೂ ನಡತೆಯಲ್ಲಿ ಅಂತರ ಕಾಣಬಾರದಾಗಿತ್ತು.

ಇಲ್ಲಿ ಇನ್ನೊಂದು ಪ್ರಸಿದ್ಧ ಪ್ರಯೋಗವನ್ನು ನೆನೆಯಬೇಕು. ಅದು ಆಹಾರಕ್ಕೆ ಸಂಬಂಧಿಸಿದ್ದು. ೧೯೯೮ರಲ್ಲಿ ಅಮೆರಿಕದ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಹಸಿದ ವಿದ್ಯಾರ್ಥಿಗಳ ಮುಂದೆ ಆಗತಾನೇ ಸುಟ್ಟ ಚಾಕೊಲೇಟ್ ಬಿಸ್ಕತ್ತುಗಳನ್ನೂ ಮೂಲಂಗಿಯನ್ನೂ ಇಟ್ಟರು. ಮೂಲಂಗಿಯನ್ನು ಮಾತ್ರ ತಿನ್ನಬೇಕೆಂದು ವಿಧಿಸಲ್ಪಟ್ಟವರು ಆಮೇಲೆ ಕೊಟ್ಟ ಒಗಟನ್ನು ಬಹುಬೇಗ ಕೈಬಿಟ್ಟರು. ಇಚ್ಛಾಶಕ್ತಿಯು ದೀಪದ ಎಣ್ಣೆಯಂತೆ ಉರಿದು ತೀರುವ ವಸ್ತುವೆಂಬ ಸಿದ್ಧಾಂತ ಇದರಿಂದ ಹುಟ್ಟಿ ಬಹಳ ಹರಡಿತು. ೨೦೧೬ರಲ್ಲಿ ೨೩ ಪ್ರಯೋಗಶಾಲೆಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ, ಬೇರೊಂದು ಕೆಲಸವನ್ನು ಬಳಸಿ, ಅದೇ ಪರಿಣಾಮವನ್ನು ಹುಡುಕಿದಾಗ ಅದು ಸೊನ್ನೆಗೆ ಸಮೀಪವೆನ್ನುವಷ್ಟೇ ದೊರೆಯಿತು. ದಿನದಲ್ಲೊಮ್ಮೆ ಸಂಯಮ ಮಾಡಿದವನಿಗೆ ಸಂಜೆಗೆ ಸಂಯಮವೇ ಉಳಿಯದೆಂಬ ನೆಪ ಈಗ ಸುಲಭವಾಗಿ ಸಲ್ಲದು.

ಸಂಕಲ್ಪವು ಸ್ವತಂತ್ರವೆಂದರೆ ಶರೀರದ ಕಾರಣಗಳು ಇಲ್ಲವೆಂದಲ್ಲ. ಉಪವಾಸಿಗೆ ಇದು ಅನುಭವಸಿದ್ಧ. ೧೯೯೯ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬವರು ಜಠರದಲ್ಲಿ ಹುಟ್ಟುವ ಘ್ರೆಲಿನ್ ಎಂಬ ರಸವನ್ನು ಕಂಡುಹಿಡಿದರು. ಅದು ರಕ್ತದಲ್ಲಿ ಏರಿದಾಗ ಹಸಿವು ಕೆರಳುತ್ತದೆ. ರೂಢಿಯ ಊಟದ ಹೊತ್ತಿಗೆ ಅದು ಏರುತ್ತದೆ. ಅಚ್ಚರಿಯೆಂದರೆ ಊಟ ಮಾಡದೆ ಇದ್ದರೂ ಆ ಹೊತ್ತು ಕಳೆದ ಮೇಲೆ ತಾನಾಗಿ ಇಳಿಯುತ್ತದೆಂದು ಉಪವಾಸವಿದ್ದವರ ರಕ್ತಪರೀಕ್ಷೆಯಿಂದ ತಿಳಿದುಬಂದಿದೆ. ಮಧ್ಯಾಹ್ನದ ಹಸಿವನ್ನು ದಾಟಿದರೆ ಮೂರು ಗಂಟೆಗೆ ಹಗುರವಾಗುತ್ತದೆಂದು ಹಿರಿಯ ಶ್ರಾವಿಕೆಯರು ಹೇಳುವ ಮಾತಿಗೂ ಇದಕ್ಕೂ ಹೊಂದಿಕೆಯುಂಟು. ಹಸಿವಿನ ಆ ಅಲೆ ಸಂಕಲ್ಪದ ಅಧೀನದಲ್ಲಿಲ್ಲ. 'ಹಸಿಯಬೇಡ' ಎಂದು ಜಠರಕ್ಕೆ ಯಾರೂ ಆಜ್ಞಾಪಿಸಲಾರರು. ಆದರೆ ಅಲೆಯು ಏರಿ ಇಳಿಯುವವರೆಗೆ ಅಡಿಗೆಮನೆಯಲ್ಲಿರಬೇಕೋ ಸ್ವಾಧ್ಯಾಯದಲ್ಲಿ ಕುಳಿತಿರಬೇಕೋ ಎಂಬುದು ಅಧೀನದಲ್ಲಿದೆ. ನಿತ್ಯದ ಊಟದ ಹೊತ್ತನ್ನು ನಿಯಮಿಸಿಕೊಂಡವನು ಕಾಲಕ್ರಮದಲ್ಲಿ ಅಲೆಯ ಹೊತ್ತನ್ನೂ ಸ್ವಲ್ಪಮಟ್ಟಿಗೆ ಬದಲಿಸಿಕೊಳ್ಳುತ್ತಾನೆ. ಕಾರಣಗಳ ಸರಪಳಿಯ ಹೊರಗೆ ನಿಲ್ಲದೆ, ಸರಪಳಿಯೊಳಗೆ ತಾನೂ ಒಂದು ಕೊಂಡಿಯಾಗಿ ನಿಂತು ನಡೆಯಿಸುವ ಸ್ವಾತಂತ್ರ್ಯವಿದು.

ಈ ವಿವಾದ ಭಾರತಕ್ಕೆ ಹೊಸತಲ್ಲ. ಆಜೀವಿಕರ ಆಚಾರ್ಯ ಮಂಖಲಿ ಗೋಶಾಲನು ಎಲ್ಲವೂ ನಿಯತಿಯಿಂದಲೇ ನಡೆಯುವುದೆಂದೂ ಪುರುಷಕಾರವೆಂಬುದಿಲ್ಲವೆಂದೂ ಬೋಧಿಸಿದನು. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಉಪಾಸಕದಶಾಂಗದ ಏಳನೆಯ ಅಧ್ಯಯನದಲ್ಲಿ ಪೋಲಾಸಪುರದ ಕುಂಬಾರ ಸದ್ದಾಲಪುತ್ರನ ವೃತ್ತಾಂತವಿದೆ. ಅವನು ಆ ಮತದವನು. ಈ ಮಡಕೆಗಳು ಪ್ರಯತ್ನದಿಂದ ಆದುವೋ ಪ್ರಯತ್ನವಿಲ್ಲದೆಯೋ ಎಂದು ಭಗವಾನ್ ಮಹಾವೀರರು ಕೇಳುತ್ತಾರೆ. ಪ್ರಯತ್ನವಿಲ್ಲದೆ, ನಿಯತಿಯಿಂದ ಎನ್ನುತ್ತಾನೆ ಕುಂಬಾರ. ಹಾಗಾದರೆ ಯಾವನಾದರೂ ಬಂದು ಇವನ್ನು ಒಡೆದುಹಾಕಿದರೆ, ನಿನ್ನ ಹೆಂಡತಿಯ ಮೇಲೆ ಕೈಮಾಡಿದರೆ ಏನು ಮಾಡುವೆ? ಹೊಡೆದು ಬಡಿದು ದಂಡಿಸುವೆನು ಎಂಬ ಉತ್ತರ ಬಂತು. ಯಾರೂ ಏನನ್ನೂ ಮಾಡದಿದ್ದ ಮೇಲೆ ದಂಡನೆ ಯಾರಿಗೆ? ಸದ್ದಾಲಪುತ್ರನಿಗೆ ಅರಿವಾಯಿತು. ಈ ವಾದದ ಸೊಗಸೆಂದರೆ, ನಿಯತಿವಾದವನ್ನು ನಾಲಗೆಯಿಂದ ನುಡಿಯುವವನು ಬಾಳಿನಲ್ಲಿ ಅದನ್ನು ಒಂದು ಗಳಿಗೆಯೂ ನಡೆಸಲಾರನೆಂಬುದನ್ನು ಅವನ ಮಡಕೆಗಳಿಂದಲೇ ತೋರಿಸಿಕೊಟ್ಟುದು. ನಿಯತಿವಾದವು ಅಸತ್ಯವೆಂದು ಇದರಿಂದ ಸಿದ್ಧವಾಗದೆಂದು ತಾರ್ಕಿಕರು ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ಬಲವಿದೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ದೈವೈಕಾಂತವನ್ನೂ ಪೌರುಷೈಕಾಂತವನ್ನೂ ಸಮವಾಗಿ ನಿರಾಕರಿಸಿ, ಬುದ್ಧಿಪೂರ್ವಕವಲ್ಲದೆ ಒದಗಿದುದನ್ನು ದೈವದ ಪಾಲಿಗೂ ಬುದ್ಧಿಪೂರ್ವಕವಾದುದನ್ನು ಪೌರುಷದ ಪಾಲಿಗೂ ಕೊಟ್ಟಿರುವುದು ಹೆಚ್ಚು ಸೂಕ್ಷ್ಮವಾದ ವಿವೇಚನೆ.

ಇಷ್ಟಾದರೂ ಒಂದು ಕಠಿಣ ಶಂಕೆ ಉಳಿಯುತ್ತದೆ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಸಂಜೆಯ ಆ ಸಂಕಲ್ಪ ತಾನೇ ಎಲ್ಲಿಂದ ಬಂತು? ವ್ರತವಂತರ ಮನೆಯಲ್ಲಿ ಹುಟ್ಟಿದುದು, ತಾಯಿಯನ್ನು ನೋಡಿ ಕಲಿತದ್ದು, ಮಿದುಳಿನ ಮುಂಭಾಗ ಎಳೆತನದಲ್ಲಿ ಹೇಗೆ ಬೆಳೆಯಿತೆಂಬುದು, ನಿನ್ನೆಯ ನಿದ್ರೆ, ಇಂದಿನ ಆರೋಗ್ಯ, ಇವಾವನ್ನೂ ಯಾರೂ ಆರಿಸಿಕೊಂಡುದಿಲ್ಲ. ಅಮೆರಿಕದ ರಾಬರ್ಟ್ ಸಪೋಲ್‌ಸ್ಕಿ ೨೦೨೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ದಾರಿಯನ್ನು ಕೊನೆಯವರೆಗೂ ನಡೆದು, ಇಚ್ಛಾಸ್ವಾತಂತ್ರ್ಯವೆಂಬುದು ಲೇಶವೂ ಇಲ್ಲವೆಂದು ತೀರ್ಮಾನಿಸಿದರು. ಅದೇ ವರ್ಷ ಐರ್ಲೆಂಡಿನ ಕೆವಿನ್ ಮಿಚೆಲ್ ಎಂಬ ಮತ್ತೊಬ್ಬ ಜೀವವಿಜ್ಞಾನಿ ತಮ್ಮ ಗ್ರಂಥದಲ್ಲಿ ವಿರುದ್ಧ ಪಕ್ಷವನ್ನು ಹಿಡಿದು, ಕಾರಣಗಳನ್ನು ಅರಿತು ತೂಗಿ ನಡೆಯುವ ಶಕ್ತಿಯು ಜೀವವಿಕಾಸದಲ್ಲಿ ಕ್ರಮವಾಗಿ ಬೆಳೆದುಬಂದ ವಾಸ್ತವ ಶಕ್ತಿಯೆಂದು ಪ್ರತಿಪಾದಿಸಿದರು. ಇಬ್ಬರ ಮುಂದೆ ಇರುವ ಪ್ರಯೋಗಗಳು ಬಹಳಮಟ್ಟಿಗೆ ಅವೇ. ಭೇದವಿರುವುದು 'ಸ್ವತಂತ್ರ' ಎಂಬ ಪದದಿಂದ ಏನನ್ನು ಬೇಡುತ್ತಾರೆಂಬುದರಲ್ಲಿ. ಯಾವ ಪೂರ್ವಕಾರಣವೂ ಇಲ್ಲದ ಇಚ್ಛೆಯನ್ನು ಬೇಡುವವರಿಗೆ ವಿಜ್ಞಾನದಲ್ಲಿ ಎಡೆಯಿಲ್ಲ; ಅಂತಹ ಇಚ್ಛೆಗೆ ಕರ್ಮಸಿದ್ಧಾಂತದಲ್ಲಿಯಾದರೂ ಎಡೆಯುಂಟೆಂದು ಹೇಳುವುದು ಕಷ್ಟ. ಕಾರಣವನ್ನು ಅರಿತು ಅದಕ್ಕೆ ಪ್ರತಿಕಾರಣವನ್ನು ಒಡ್ಡುವ ಶಕ್ತಿಯನ್ನು ಬೇಡುವವರಿಗೆ ಎಡೆ ಧಾರಾಳವಾಗಿದೆ.

ಸಪೋಲ್‌ಸ್ಕಿಯವರ ತೀರ್ಮಾನವನ್ನು ಒಪ್ಪದವರೂ ಅವರ ಕರುಣೆಯನ್ನು ಒಪ್ಪಬಹುದು. ಆ ಶಕ್ತಿ ಎಲ್ಲರಿಗೂ ಸಮನಾಗಿ ಹಂಚಿಬಂದುದಲ್ಲ. ಮಧುಮೇಹದಿಂದ ಬಳಲುವವನ ಕೈ ನಡುಗಿ ಅನ್ನದ ಕಡೆಗೆ ಹೋದರೆ ಅದು ದೌರ್ಬಲ್ಯವಲ್ಲ. ರಕ್ತದಲ್ಲಿ ಸಕ್ಕರೆ ಕುಸಿದ ಮಿದುಳಿನ ಪ್ರಾಣರಕ್ಷಣೆಯ ಕರೆ. ಆಹಾರವನ್ನು ಬಿಡುವುದೇ ಒಂದು ಮಾನಸಿಕ ವ್ಯಾಧಿಯಾಗಿ ಹಿಡಿದ ಬಾಲೆ ಎಷ್ಟು ದಿನ ಉಣದಿದ್ದರೂ ಅದು ತಪಸ್ಸಲ್ಲ. ಅಲ್ಲಿ ಬಿಡುವವಳ ಸ್ವಾತಂತ್ರ್ಯವೇ ರೋಗಕ್ಕೆ ಒತ್ತೆಯಾಗಿದೆ. ಇಂಥವರಿಗೆ ವೈದ್ಯರು ಬೇಕು. ಹೊಗಳಿಕೆಯೂ ಬೇಡ, ಹೀನಾಯವೂ ಬೇಡ. ಶಕ್ತಿಯನ್ನು ಮೀರದೆ ತಪವಾಚರಿಸಬೇಕೆಂಬ ಹಿರಿಯರ ವಿಧಿ ಸ್ವಾತಂತ್ರ್ಯಕ್ಕೆ ತರತಮವಿದೆಯೆಂಬುದನ್ನು ತಿಳಿದೇ ಹುಟ್ಟಿದುದು. ಸಿದ್ಧತೆಯ ವಿಭವವನ್ನು ಮೊದಲು ಕಂಡ ಕೊರ್ನ್‌ಹೂಬರ್ ಮತ್ತು ಡೀಕೆ ಅವರೂ ಸ್ವಾತಂತ್ರ್ಯವು ಪೂರ್ಣವಾಗಿ ಇರುವ ಅಥವಾ ಪೂರ್ಣವಾಗಿ ಇಲ್ಲದ ವಸ್ತುವಲ್ಲ, ಹೆಚ್ಚುಕಡಿಮೆಯಾಗಬಲ್ಲ ಸಾಮರ್ಥ್ಯವೆಂದೇ ಕೊನೆಯವರೆಗೂ ತಿಳಿದಿದ್ದರು.

ವ್ರತಭಂಗದ ವಿಚಾರದಲ್ಲಿ ಶಾಸ್ತ್ರಕಾರರು ತೋರಿದ ಸೂಕ್ಷ್ಮತೆಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬಹುದು. ಅಮಿತಗತಿ ಆಚಾರ್ಯರು ಜಾರುವಿಕೆಯನ್ನು ಒಂದೇ ಕ್ಷಣದ ಘಟನೆಯೆಂದು ತಿಳಿಯದೆ ನಾಲ್ಕು ಮೆಟ್ಟಲುಗಳಾಗಿ ಬಿಡಿಸಿದ್ದಾರೆ. ಮನಸ್ಸಿನ ಶುದ್ಧಿ ಕೆಡುವುದು ಅತಿಕ್ರಮ. ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ. ವಿಷಯದಲ್ಲಿ ಪ್ರವರ್ತಿಸುವುದು ಅತಿಚಾರ. ಅದರಲ್ಲಿಯೇ ಮುಳುಗುವುದು ಅನಾಚಾರ. ಒಂದು ಮೆಟ್ಟಲಿನಿಂದ ಇನ್ನೊಂದಕ್ಕೆ ಇಳಿಯುವ ನಡುವೆ ಹಿಂದಿರುಗಲು ಎಡೆಯಿದೆ. ೨೦೧೬ರಲ್ಲಿ ಬರ್ಲಿನ್ನಿನಲ್ಲಿ ಹೇನ್ಸ್ ಅವರ ಬಳಗವೇ ನಡೆಸಿದ ಪ್ರಯೋಗವೊಂದರಲ್ಲಿ ಗಣಕಯಂತ್ರವು ಮಿದುಳಿನ ವಿಭವವನ್ನು ನೋಡುತ್ತ, ಚಲನೆ ಬರಲಿದೆಯೆಂದು ತೋರಿದೊಡನೆ ಕೆಂಪು ದೀಪವನ್ನು ಹೊತ್ತಿಸುತ್ತಿತ್ತು. ದೀಪ ಕಂಡರೆ ನಿಲ್ಲಬೇಕು. ಸಿದ್ಧತೆ ಆರಂಭವಾದ ಮೇಲೆಯೂ, ಚಲನೆಗೆ ಸುಮಾರು ೨೦೦ ಮಿಲಿಸೆಕೆಂಡ್ ಉಳಿದಿರುವವರೆಗೆ, ಜನರು ಅದನ್ನು ಪೂರ್ಣವಾಗಿ ನಿಲ್ಲಿಸಬಲ್ಲವರಾಗಿದ್ದರು. ಅದಕ್ಕಿಂತ ತಡವಾದರೆ ಚಲನೆ ಹೊರಡುತ್ತಿತ್ತು. ಆದರೆ ಹೊರಟದ್ದನ್ನು ಅರ್ಧದಲ್ಲಿ ತಡೆಯು‌ವುದು ಆಗಲೂ ಸಾಧ್ಯವಿತ್ತು.

ಪ್ರತ್ಯಾಖ್ಯಾನದ ಪಾಠದಲ್ಲಿ ಪ್ರತಿಜ್ಞೆಯೊಡನೆಯೇ ಕೆಲವು ಆಗಾರಗಳನ್ನು, ಎಂದರೆ ವಿನಾಯಿತಿಗಳನ್ನು, ಹೇಳಿಟ್ಟಿರುವ ಪದ್ಧತಿಯುಂಟು. ಅವುಗಳಲ್ಲಿ ಮೊದಲಿನವು ಅನಾಭೋಗ ಮತ್ತು ಸಹಸಾಕಾರ. ವ್ರತವಿದೆಯೆಂಬುದನ್ನು ಮರೆತು ಬಾಯಿಗೆ ಹಾಕಿದ ತುತ್ತು, ತಡೆಯಲು ಎಡೆಯಿಲ್ಲದಂತೆ ತಟ್ಟನೆ ಬಾಯಿಗೆ ಸಿಡಿದ ಮಳೆಯ ಹನಿ, ಇವುಗಳಿಂದ ಪ್ರತಿಜ್ಞೆ ಮುರಿಯುವುದಿಲ್ಲ. ಆದರೆ ಮರೆತು ಹಾಕಿದ ತುತ್ತು ಬಾಯಲ್ಲಿರುವಾಗ ವ್ರತದ ನೆನಪಾದರೆ ಅದನ್ನು ಅಲ್ಲಿಯೇ ಉಗುಳಬೇಕೆಂದು ವಿಧಿಯಿದೆ. ನೆನಪಾದ ಮೇಲೆಯೂ ನುಂಗಿದವನಿಗೆ ಆ ವಿನಾಯಿತಿ ಸಲ್ಲುವುದಿಲ್ಲ.